ಮಗಳಿಗೊಂದು ಪತ್ರ: ಕೊಯ್ದ ಹುಲ್ಲಿನ ವಾಸನೆ

ಮಂಡ್ಯ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಹೋದ ಭಾನುವಾರ ನೀನು ಹಾಸ್ಟೆಲಿಗೆ ಹೊರಡುವ ಮುನ್ನ ನಾನು ನಾಲೆಯ ಬದುವಿನಲ್ಲಿ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದೆ. ನೀನು ಪಕ್ಕದಲ್ಲಿ ನಿಂತು, ‘ಈ ವಾಸನೆ ಹುಲ್ಲಿನ ಅಳುವಂತೆ, ನಿಜವೇನಪ್ಪ?’ ಎಂದು ಕೇಳಿದೆ. ಬಸ್ಸಿಗೆ ಹೊತ್ತಾಗಿದ್ದರಿಂದ ‘ಹೌದಂತೆ’ ಎಂದಷ್ಟೇ ಹೇಳಿ ಕಳುಹಿಸಿದೆ. ಅದು ಸರಿಯಾದ ಉತ್ತರವಲ್ಲವೆಂದು ಅಂದಿನಿಂದ ಮನಸ್ಸಿಗೆ ಚುಚ್ಚುತ್ತಿದೆ.

ಕುಡುಗೋಲು ತಾಗಿ ಎಲೆಯ ಜೀವಕೋಶಗಳು ಒಡೆದಾಗ, ಅವುಗಳ ಪೊರೆಯಲ್ಲಿರುವ ಕೊಬ್ಬಿನ ಆಮ್ಲಗಳನ್ನು ಕಿಣ್ವಗಳು ತುಂಡರಿಸುತ್ತವೆ. ಹಾಗೆ ಹುಟ್ಟುವ ಹೆಕ್ಸೆನಾಲ್‌ನಂಥ ಹಗುರವಾದ ರಾಸಾಯನಿಕಗಳು ನೋಡುನೋಡುತ್ತಿದ್ದಂತೆಯೇ ಆವಿಯಾಗಿ ಗಾಳಿಗೆ ಸೇರುತ್ತವೆ. ನಿನ್ನ ಮೂಗಿಗೆ ಬಡಿದ ಹಸಿರು ವಾಸನೆ ಅದೇ. ಅಳುವುದಕ್ಕೆ ಬೇಕಾದ ನರವಾಗಲಿ ಮಿದುಳಾಗಲಿ ಹುಲ್ಲಿಗಿಲ್ಲ. ಆದರೂ ಆ ವಾಸನೆಯಲ್ಲಿ ‘ಇಲ್ಲಿ ಗಾಯವಾಗಿದೆ’ ಎಂಬ ಸುದ್ದಿಯಂತೂ ಇದೆ, ಅದನ್ನು ಗ್ರಹಿಸಿ ಎಚ್ಚೆತ್ತುಕೊಳ್ಳುವ ಗಿಡಗಳೂ ಇವೆ.

ಇದನ್ನು 1983ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಇಯಾನ್ ಬಾಲ್ಡ್‌ವಿನ್ ಮತ್ತು ಜ್ಯಾಕ್ ಶುಲ್ಟ್ಸ್ ಹೇಳಿದಾಗ ಬಹಳ ಮಂದಿ ಒಪ್ಪಲಿಲ್ಲ. ಎಲೆ ಹರಿದ ಪಾಪ್ಲರ್ ಎಂಬ ಮರದ ಸಸಿಗಳ ಜೊತೆಗೆ, ಅದೇ ಗಾಳಿಯಲ್ಲಿದ್ದ ಗಾಯವಿಲ್ಲದ ಸಸಿಗಳೂ ತಮ್ಮ ಎಲೆಗಳಲ್ಲಿ ರಕ್ಷಣೆಯ ರಾಸಾಯನಿಕಗಳನ್ನು ಹೆಚ್ಚಿಸಿಕೊಂಡಿದ್ದನ್ನು ಅವರು ಕಂಡಿದ್ದರು. 1990ರಲ್ಲಿ ಎಡ್ವರ್ಡ್ ಫಾರ್ಮರ್ ಮತ್ತು ಕ್ಲಾರೆನ್ಸ್ ರಯಾನ್ ಅವರು ಟೊಮೆಟೊ ಗಿಡವನ್ನು ಮಾಚಿಪತ್ರೆಯ ಜಾತಿಗೆ ಸೇರಿದ ಒಂದು ಗಿಡದ ಕೊಂಬೆಯೊಡನೆ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರು. ಟೊಮೆಟೊ ಎಲೆಗಳಲ್ಲಿ, ಹುಳುವಿನ ಹೊಟ್ಟೆಯಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ವಸ್ತು ಹೆಚ್ಚಿತು. ಗಾಳಿಯಲ್ಲಿ ಬಂದು ಈ ಕೆಲಸ ಮಾಡಿಸಿದ್ದು ಮೀಥೈಲ್ ಜಾಸ್ಮೊನೇಟ್. ಅದನ್ನು ಮೊದಲು ಗುರುತಿಸಿದ್ದು 1962ರಲ್ಲಿ, ಜಾಜಿ ಹೂವಿನ ತೈಲದಲ್ಲಿ. ನಿನ್ನ ಅಮ್ಮ ಸಂಜೆ ಬಿಡಿಸಿ ದೇವರಿಗೆ ಏರಿಸುವ ಜಾಜಿಯ ಪರಿಮಳದಲ್ಲಿರುವ ವಸ್ತುವೊಂದು ಟೊಮೆಟೊ ಗಿಡಕ್ಕೆ ಅಪಾಯದ ಸೂಚನೆಯಾಗಬಲ್ಲದು ಎಂದು ಓದಿದ ದಿನ ನಾನು ಬಹಳ ಹೊತ್ತು ಆ ಬಳ್ಳಿಯ ಕೆಳಗೇ ಕುಳಿತಿದ್ದೆ.

2023ರಲ್ಲಿ ಜಪಾನಿನ ಮಸಾತ್ಸುಗು ಟೊಯೋಟಾ ಅವರ ತಂಡ ಇದನ್ನು ಕಣ್ಣಿಗೇ ಕಾಣುವಂತೆ ಮಾಡಿತು. ಜೀವಕೋಶದಲ್ಲಿ ಕ್ಯಾಲ್ಸಿಯಂ ಏರಿದರೆ ಹೊಳೆಯುವಂತೆ ಮಾರ್ಪಡಿಸಿದ ಪುಟ್ಟ ಗಿಡದ ಮೇಲೆ, ಹುಳು ತಿನ್ನುತ್ತಿದ್ದ ಎಲೆಗಳ ಗಾಳಿಯನ್ನು ಹಾಯಿಸಿದರು. ಎಲೆಗಳಲ್ಲಿ ಬೆಳಕು ಅಲೆಯಂತೆ ಹರಡಿತು. ವಾಸನೆ ಒಳಹೋಗುವ ಮುಖ್ಯ ದಾರಿ ಗಿಡ ಉಸಿರಾಡುವ ಪತ್ರರಂಧ್ರಗಳೇ ಎಂಬುದೂ ಅದರಿಂದ ತಿಳಿಯಿತು.

ಇಷ್ಟೇ ಆಗಿದ್ದರೆ ನಾನು ಇಷ್ಟುದ್ದದ ಪತ್ರ ಬರೆಯುತ್ತಿರಲಿಲ್ಲ. ನಮ್ಮ ಹೊಲದ ಮಾತೂ ಇದರಲ್ಲಿದೆ. ಫಾಲ್ ಆರ್ಮಿವರ್ಮ್ ಎಂಬ ಹೊರದೇಶದ ಸೈನಿಕ ಹುಳು 2018ರಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ಮೇಲೆ ಮುಸುಕಿನ ಜೋಳ ಬೆಳೆಯುವವರಿಗೆ ನೆಮ್ಮದಿಯಿಲ್ಲ. ನಮ್ಮ ಜೋಳಕ್ಕೆ ಅದು ಬಿದ್ದ ವರ್ಷ, ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ ಕಂಡ ದಿನವೇ ಗಾಬರಿಯಿಂದ ಹೊಲಕ್ಕೆಲ್ಲ ಔಷಧಿ ಹೊಡೆಸಿದೆ. ಮಾರನೆಯ ಬೆಳಿಗ್ಗೆ ಎಲೆಯ ಬುಡದಲ್ಲಿ, ಇರುವೆಗಿಂತ ಸಣ್ಣ, ಕಪ್ಪು ಮೈಯ, ಎಳೆಯಂಥ ಮೀಸೆಯ ರೆಕ್ಕೆಹುಳುಗಳು ಸತ್ತು ಬಿದ್ದಿದ್ದವು. ಅವು ಕಣಜದ ಜಾತಿಯ ಪರತಂತ್ರ ಜೀವಿಗಳೆಂದು, ಅಂದರೆ ಮರಿಹುಳುವಿನ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಒಳಗಿನಿಂದಲೇ ಮುಗಿಸುವ ನಮ್ಮ ನೆಂಟರೆಂದು ಆಗ ನನಗೆ ಗೊತ್ತಿರಲಿಲ್ಲ.

ಅವನ್ನು ಕರೆದದ್ದು ಜೋಳವೇ ಇರಬೇಕು. ಟೆಡ್ ಟರ್ಲಿಂಗ್ಸ್ ಮತ್ತು ಅವರ ಜೊತೆಗಾರರು 1990ರಲ್ಲಿ ತೋರಿಸಿದಂತೆ, ಮರಿಹುಳು ಕಡಿದ ಜೋಳದ ಸಸಿ ಕೆಲವು ಗಂಟೆಗಳಲ್ಲಿ ಬೇರೆಯೇ ಬಗೆಯ ವಾಸನೆಯನ್ನು ಬಿಡತೊಡಗುತ್ತದೆ, ಆ ಜಾಡು ಹಿಡಿದು ಕಣಜ ಬರುತ್ತದೆ. ಬ್ಲೇಡಿನಿಂದ ಬರೀ ಗಾಯ ಮಾಡಿದರೆ ಈ ವಾಸನೆ ಅಷ್ಟಾಗಿ ಹೊರಡುವುದಿಲ್ಲ, ಗಾಯಕ್ಕೆ ಹುಳುವಿನ ಬಾಯಿಯ ರಸ ತಾಗಬೇಕು. ಆ ರಸದಲ್ಲಿರುವ ವಾಲಿಸಿಟಿನ್ ಎಂಬ ವಸ್ತುವನ್ನು 1997ರಲ್ಲಿ ಗುರುತಿಸಲಾಯಿತು. ಅಂದರೆ ಕುಡುಗೋಲಿಗೂ ಹುಳುವಿಗೂ ಇರುವ ವ್ಯತ್ಯಾಸ ಜೋಳಕ್ಕೆ ತಿಳಿಯುತ್ತದೆ, ಮಗಳೇ! ಇದಕ್ಕಿಂತ ದೊಡ್ಡ ಬೆರಗನ್ನು ನಾನು ಹೊಲದಲ್ಲಿ ಕಂಡಿಲ್ಲ.

ನೆರೆಯ ಗಿಡಕ್ಕೆ ಉಪಕಾರ ಮಾಡಲೆಂದೇ ಗಿಡ ಹೀಗೆ ಕೂಗುತ್ತದೆ ಎಂದು ಮಾತ್ರ ತಿಳಿಯಬೇಡ. ಕ್ಯಾಲಿಫೋರ್ನಿಯಾದ ರಿಚರ್ಡ್ ಕಾರ್ಬನ್ ಬಯಲಿನ ಪೊದೆಗಳಲ್ಲಿ ನೋಡಿದಂತೆ ಈ ಸೂಚನೆಯ ಪರಿಣಾಮ ಸುಮಾರು 60 ಸೆಂಟಿಮೀಟರ್ ದೂರಕ್ಕಷ್ಟೇ ಮುಟ್ಟುತ್ತದೆ. ಒಂದೇ ಗಿಡದ ಒಂದು ಕೊಂಬೆಯಿಂದ ಇನ್ನೊಂದಕ್ಕೆ ನೀರು, ಆಹಾರ ಸಾಗಿಸುವ ನಾಳಗಳ ಮೂಲಕ ನೇರ ದಾರಿಯಿಲ್ಲದಿದ್ದಾಗ ಗಾಳಿಯೇ ಹತ್ತಿರದ ದಾರಿ. ಗಿಡ ತನಗೆ ತಾನೇ ಹೇಳಿಕೊಂಡದ್ದನ್ನು ಪಕ್ಕದ ಗಿಡ ಕದ್ದು ಕೇಳಿಸಿಕೊಳ್ಳುತ್ತದೆ ಎಂಬ ವಿವರಣೆಯೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಈ ಸಲ ನಾಲೆಯ ಕಡೆಯ ನಾಲ್ಕು ಸಾಲಿಗೆ ಔಷಧಿ ಹೊಡೆಸಿಲ್ಲ. ನಿನ್ನೆ ಅಲ್ಲಿ ಒಂದು ಎಲೆಯ ಮೇಲೆ ಸೊರಗಿದ ಮರಿಹುಳು, ಅದರ ಪಕ್ಕದಲ್ಲೇ ನುಚ್ಚಕ್ಕಿಯಂಥ ಬಿಳಿಯ ಗೂಡುಗಳ ಗುಂಪು ಸಿಕ್ಕಿತು. ಎಲೆಯ ಸಮೇತ ಗಾಜಿನ ಸೀಸೆಗೆ ಹಾಕಿ, ಬಾಯಿಗೆ ಮಲ್ಲು ಬಟ್ಟೆ ಕಟ್ಟಿ ಜಗಲಿಯ ಮೇಲಿಟ್ಟಿದ್ದೇನೆ. ಕಣಜಗಳು ಹೊರಬಂದ ದಿನ ಫೋನ್ ಮಾಡುತ್ತೇನೆ, ಆಮೇಲೆ ಅವನ್ನು ಅದೇ ಸಾಲಿಗೆ ಬಿಟ್ಟು ಬರುತ್ತೇನೆ.

ಇಂತಿ,
ನಿನ್ನ ಅಪ್ಪ