ಪೆಡಲ್ ಅರ್ಧಕ್ಕೆ ಬಂದಾಗ ಸದ್ದು ತಗ್ಗುವುದೇಕೆ: 3ನೇ ಆವೃತ್ತಿಯ ಬಗ್ಗೆ ನಮ್ಮ ಗ್ರಾಹಕರಿಗೆ

ಆತ್ಮೀಯ ಗ್ರಾಹಕರೇ,

ನಮ್ಮ ಸಾಫ್ಟ್‌ವೇರ್ ಸಿಂಥಸೈಜರ್‌ನ 3ನೇ ಆವೃತ್ತಿಯಲ್ಲಿ ಹೊಸ ಪ್ಯಾಚ್ (ಒಂದು ನಾದದ ಸೆಟ್ಟಿಂಗ್‌ಗಳ ಕಟ್ಟು) ತೆರೆದು ನುಡಿಸಿದರೆ ಒಂದು ವ್ಯತ್ಯಾಸ ಕೂಡಲೇ ಕಿವಿಗೆ ಬೀಳುತ್ತದೆ. ಕಾಲಿನಿಂದ ಸದ್ದು ಏರಿಳಿಸುವ ಎಕ್ಸ್‌ಪ್ರೆಷನ್ ಪೆಡಲನ್ನು ಅರ್ಧಕ್ಕೆ ತಂದಾಗ ಸದ್ದು ಮೊದಲಿಗಿಂತ ಸಾಕಷ್ಟು ಕಡಿಮೆ ಇರುತ್ತದೆ. ಇದು ದೋಷವಲ್ಲ. ಪೆಡಲ್, ವೀಲ್‌ನಂಥ ಕಂಟ್ರೋಲರ್ ಕಳಿಸುವ ಅಂಕಿಯನ್ನು ಸದ್ದಾಗಿಸುವ ಲೆಕ್ಕವನ್ನೇ ಬದಲಿಸಿದ್ದೇವೆ.

ಮೊದಲು ಹಳೆಯ ಕೆಲಸದ ಮಾತು. 2ನೇ ಆವೃತ್ತಿಯಲ್ಲಿ ಉಳಿಸಿದ ಪ್ರಾಜೆಕ್ಟ್ ತೆರೆದರೆ ಸಿಂಥ್ ತಾನಾಗಿಯೇ ಹಳೆಯ ಲೆಕ್ಕಕ್ಕೆ ಹೋಗುತ್ತದೆ. ಕಂಟ್ರೋಲರ್ ಪುಟದ ಮೇಲ್ಭಾಗದಲ್ಲಿ ‘ಹಳೆಯ ಲೆಕ್ಕ’ ಎಂಬ ಗುರುತು ಕಾಣುತ್ತದೆ. ಅದನ್ನು ನೀವೇ ತೆಗೆಯುವವರೆಗೆ ಏನೂ ಬದಲಾಗುವುದಿಲ್ಲ. ತೆಗೆಯುವ ಮುನ್ನ ಪ್ರಾಜೆಕ್ಟಿನ ಒಂದು ಪ್ರತಿ ಇಟ್ಟುಕೊಳ್ಳಿ.

ಇನ್ನು ವಾಲ್ಯೂಮ್. ಮಿಡಿಯ (ವಾದ್ಯಗಳೂ ಕಂಪ್ಯೂಟರೂ ಪರಸ್ಪರ ಮಾತಾಡುವ ಸಂಕೇತ ಪದ್ಧತಿಯ) ಸಾಮಾನ್ಯ ಕಂಟ್ರೋಲರ್ 0ರಿಂದ 127ರವರೆಗಿನ ಒಂದು ಅಂಕಿಯನ್ನು ಕಳಿಸುತ್ತದೆ, ಅಷ್ಟೆ. ಅದಕ್ಕೆ ಅರ್ಥ ಕೊಡುವುದು ಸಿಂಥ್‌ನ ಕೆಲಸ. ಇಲ್ಲಿಯವರೆಗೆ ವಾಲ್ಯೂಮಿನ ಸಿಸಿ (ಕಂಟ್ರೋಲ್ ಚೇಂಜ್ ಸಂದೇಶ) 7, ಎಕ್ಸ್‌ಪ್ರೆಷನ್‌ನ ಸಿಸಿ 11 ಎರಡನ್ನೂ ನೇರ ಗೆರೆಯಲ್ಲಿ ಓದುತ್ತಿದ್ದೆವು: 64 ಬಂದರೆ ಅಲೆಯ ಎತ್ತರ ಅರ್ಧ, ಅಂದರೆ ಸುಮಾರು 6 ಡೆಸಿಬಲ್ ಇಳಿಕೆ. ಕಿವಿಗೆ 6 ಡೆಸಿಬಲ್ ಅರ್ಧದಷ್ಟು ಎನಿಸುವುದಿಲ್ಲ. ಹಾಗಾಗಿ ಪೆಡಲಿನ ಮೇಲಿನ ಅರ್ಧದಲ್ಲಿ ಹೆಚ್ಚೇನೂ ಆಗದೆ, ಇಳಿಕೆಯೆಲ್ಲ ಕೆಳಗಿನ ಒಂದೆರಡು ಬೆರಳಿನಷ್ಟು ಜಾಗದಲ್ಲಿ ನುಗ್ಗುತ್ತಿತ್ತು. ಹೊಸ ಆವೃತ್ತಿಯಲ್ಲಿ ಅಂಕಿಯನ್ನು 127ರಿಂದ ಭಾಗಿಸಿ ವರ್ಗ ಮಾಡುತ್ತೇವೆ. 64ಕ್ಕೆ ಈಗ ಸುಮಾರು 12 ಡೆಸಿಬಲ್ ಇಳಿಯುತ್ತದೆ. ಜನರಲ್ ಮಿಡಿ ಎಂಬ ಮಾನದಂಡದ ಮಾರ್ಗಸೂಚಿ ಶಿಫಾರಸು ಮಾಡುವ ಲೆಕ್ಕವೂ ಇದೇ. ಮೊದಲಿನಿಂದಲೂ ನಾವು ಹೀಗೆಯೇ ಮಾಡಬೇಕಿತ್ತು.

ಇದರಿಂದ ಬಹಳ ಜನ ಕೇಳುತ್ತಿದ್ದ ಒಂದು ತೊಂದರೆಯೂ ನೀಗುತ್ತದೆ. ಹಿಮ್ಮಡಿಯನ್ನು ಪೂರ್ತಿ ಒತ್ತಿದರೂ ಹಲವು ಪೆಡಲುಗಳು 0ಗೆ ಇಳಿಯದೆ 3ರಲ್ಲೋ 4ರಲ್ಲೋ ನಿಲ್ಲುತ್ತವೆ. ನೇರ ಗೆರೆಯಲ್ಲಿ 3 ಎಂದರೆ 32 ಡೆಸಿಬಲ್ ಇಳಿಕೆ ಮಾತ್ರ, ಸದ್ದು ಹಿಂದೆ ಗುನುಗುತ್ತಲೇ ಇರುತ್ತದೆ. ವರ್ಗದ ಲೆಕ್ಕದಲ್ಲಿ ಅದೇ 3ಕ್ಕೆ 65 ಡೆಸಿಬಲ್ ಇಳಿಯುತ್ತದೆ. ಅದೂ ಸಾಲದೆಂದರೆ ಕರ್ವ್‌ನ (ಒಳಬರುವ ಅಂಕಿಗೆ ಬೇರೆ ಅಂಕಿ ಹೊಂದಿಸುವ ಗೆರೆಯ) ಕೆಳತುದಿಯ ಬಿಂದುವನ್ನು ಬಲಕ್ಕೆ ಎಳೆದು ಒಳಬರುವ 5ಕ್ಕೆ 0, ಮೇಲ್ತುದಿಯಲ್ಲಿ 120ಕ್ಕೆ 127 ಎಂದು ಕೂರಿಸಿ. ಪೆಡಲ್ ತುದಿಯಲ್ಲಿ ತಡವರಿಸುವುದೂ ನಿಲ್ಲುತ್ತದೆ.

ಹೊಸ ಲೆಕ್ಕಕ್ಕೆ ಬಂದ ಮೇಲೂ ಒಂದು ಹಾಡಿಗೆ ಹಳೆಯ ನಡೆಯೇ ಬೇಕೆಂದರೆ ಸಿಸಿ 7 ಮತ್ತು ಸಿಸಿ 11ರ ಕರ್ವ್‌ನಲ್ಲಿ ಘಾತವನ್ನು (ಗೆರೆಯ ಬಾಗು ನಿರ್ಧರಿಸುವ ಅಂಕಿ; 1 ಎಂದರೆ ನೇರ) 0.5 ಮಾಡಿ. ವರ್ಗವೂ ವರ್ಗಮೂಲವೂ ಒಂದನ್ನೊಂದು ಕಳೆದು ನೇರ ಗೆರೆ ಸಿಗುತ್ತದೆ. ರೆಕಾರ್ಡ್ ಮಾಡಿದ ಅಂಕಿಗಳನ್ನೇ ತಿದ್ದಬೇಕಾಗುವುದು, ವರ್ಗದ ಲೆಕ್ಕ ಅನುಸರಿಸುವ ಬೇರೆ ವಾದ್ಯಕ್ಕೆ ಮಿಡಿ ಫೈಲ್ ಕಳಿಸುವಾಗ ಮಾತ್ರ. ಆಗ ಹಳೆಯ ಅಂಕಿಯನ್ನು 127ರಿಂದ ಗುಣಿಸಿ ವರ್ಗಮೂಲ ತೆಗೆಯಿರಿ: 32 ಇದ್ದದ್ದು 64 ಆಗುತ್ತದೆ, 64 ಇದ್ದದ್ದು 90, 100 ಇದ್ದದ್ದು 113. ಸಿಸಿ 7, ಸಿಸಿ 11 ಎರಡನ್ನೂ ಬಳಸಿದ್ದರೆ ಎರಡನ್ನೂ ತಿದ್ದಬೇಕು, ಏಕೆಂದರೆ ಇವೆರಡೂ ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ. ಎರಡೂ 64ರಲ್ಲಿ ನಿಂತರೆ ಹೊಸ ಲೆಕ್ಕದಲ್ಲಿ ಇಳಿಕೆ 24 ಡೆಸಿಬಲ್.

ಎರಡನೆಯ ಬದಲಾವಣೆ ಫಿಲ್ಟರ್ ಕಟಾಫ್‌ನಲ್ಲಿ, ಅಂದರೆ ಫಿಲ್ಟರ್ ಸದ್ದನ್ನು ಕತ್ತರಿಸಲು ಶುರುಮಾಡುವ ಆವರ್ತನದಲ್ಲಿ. ಹಿಂದೆ ವೀಲ್‌ನ (ಕೀಬೋರ್ಡಿನ ತಿರುಗಿಸುವ ಚಕ್ರದ) ಅಂಕಿಯನ್ನು ಹರ್ಟ್ಜ್‌ಗೆ ನೇರವಾಗಿ ಹೊಂದಿಸುತ್ತಿದ್ದೆವು, ಹಾಗಾಗಿ ಕೆಳಗಿನ ಸ್ವರಗಳು ವೀಲ್‌ನ ಮೊದಲ ಕೂದಲೆಳೆಯಲ್ಲೇ ಮುಗಿದುಹೋಗುತ್ತಿದ್ದವು. ನಿಮ್ಮಲ್ಲಿ ಹಲವರು ಅದನ್ನು ಸರಿದೂಗಿಸಲು ಘಾತವನ್ನು 3ಕ್ಕೆ ಏರಿಸಿಕೊಂಡಿದ್ದೀರಿ. ಈಗ ಕಟಾಫ್ ಆಕ್ಟೇವ್‌ಗಳ (ಹರ್ಟ್ಜ್ ಇಮ್ಮಡಿಯಾಗುವ ಹೆಜ್ಜೆಗಳ) ಲೆಕ್ಕದಲ್ಲಿ ನಡೆಯುತ್ತದೆ. ಘಾತ 3ನ್ನು ಹಾಗೆಯೇ ಬಿಟ್ಟರೆ ಬಾಗಿದ್ದರ ಮೇಲೆ ಮತ್ತೆ ಬಾಗು ಕೂತು ಕೆಡುತ್ತದೆ. 20ರಿಂದ 20,000 ಹರ್ಟ್ಜ್ ವ್ಯಾಪ್ತಿಯಲ್ಲಿ, ವೀಲ್ ನಡುವೆ ಇದ್ದಾಗ, ಘಾತ 3 ಇಟ್ಟ ಹಳೆಯ ಲೆಕ್ಕ ಸುಮಾರು 2,500 ಹರ್ಟ್ಜ್ ಕೊಡುತ್ತಿತ್ತು. ಹೊಸದರಲ್ಲಿ ಘಾತ 3 ಉಳಿದರೆ 47 ಹರ್ಟ್ಜ್, ಸದ್ದೇ ಮುಚ್ಚಿಹೋದಂತೆ. ಘಾತವನ್ನು 1ಕ್ಕೆ ತಂದರೆ 630ರ ಆಸುಪಾಸು.

ಇಲ್ಲಿ ಇನ್ನೊಂದು ಮಾತು. ಸುಮಾರು 10 ಆಕ್ಟೇವ್‌ಗಳನ್ನು 127 ಮೆಟ್ಟಿಲಿಗೆ ಹಂಚಿದರೆ ಒಂದೊಂದು ಮೆಟ್ಟಿಲು 94 ಸೆಂಟ್, ಹತ್ತಿರಹತ್ತಿರ ಒಂದು ಸೆಮಿಟೋನ್ (100 ಸೆಂಟ್). ರೆಸೊನೆನ್ಸ್ (ಕಟಾಫ್ ಬಳಿಯ ಸದ್ದಿನ ಉಬ್ಬು) ಹೆಚ್ಚಿಟ್ಟು ವೀಲ್ ನಿಧಾನ ತಿರುಗಿಸಿದರೆ ಈ ಮೆಟ್ಟಿಲುಗಳು ಜಿಪ್ ಎಳೆದಂತೆ ಕೇಳುತ್ತವೆ. ಕರ್ವ್ ಎಷ್ಟೇ ತಿದ್ದಿದರೂ ಇದು ಹೋಗದು. ವ್ಯಾಪ್ತಿಯನ್ನು ಕಿರಿದು ಮಾಡುವುದೇ ಮದ್ದು: 200ರಿಂದ 6,400 ಹರ್ಟ್ಜ್ ಇಟ್ಟರೆ 5 ಆಕ್ಟೇವ್, ಮೆಟ್ಟಿಲು ಅರ್ಧವಾಗುತ್ತದೆ. ಉಳಿದದ್ದನ್ನು ಅಂಕಿಗಳ ಜಿಗಿತವನ್ನು ನಯಗೊಳಿಸುವ ಸ್ಮೂಥಿಂಗ್ ನೋಡಿಕೊಳ್ಳುತ್ತದೆ; ಅದನ್ನು 15 ಮಿಲಿಸೆಕೆಂಡಿಗೆ ಇಟ್ಟಿದ್ದೇವೆ. 100ಕ್ಕೆ ಏರಿಸಬೇಡಿ, ವೀಲ್ ಕೈಗಿಂತ ಹಿಂದೆ ಬೀಳುತ್ತದೆ.

ವೈಬ್ರಾಟೋದ (ಸ್ವರದ ಅಲುಗಾಟದ) ಆಳಕ್ಕೆ ಘಾತ 0.5 ಬೇಡ. ವೀಲ್ 0ಯಿಂದ 1ಕ್ಕೆ ಸರಿದ ಕೂಡಲೇ ಆಳ ಶೇ. 9ಕ್ಕೆ ಹಾರುತ್ತದೆ, ಸ್ವರ ಬೆಚ್ಚಿದಂತೆ ಕೇಳುತ್ತದೆ. 2 ಇಟ್ಟರೆ ಮೊದಲರ್ಧದಲ್ಲಿ ಕಾಲು ಭಾಗದಷ್ಟೇ ಬರುತ್ತದೆ, ನವಿರು ಅಲುಗಾಟ ಕೈಗೆ ಸಿಗುತ್ತದೆ.

ಹಳೆಯ ‘ಮೃದು, ಮಧ್ಯಮ, ಗಡಸು’ ಎಂಬ ಮೂರು ವೆಲಾಸಿಟಿ (ಕೀ ಒತ್ತುವ ರಭಸದ ಅಂಕಿ) ಆಯ್ಕೆಗಳನ್ನು ತೆಗೆದು ಬಿಂದು ಎಳೆಯುವ ಕರ್ವ್ ಕೊಟ್ಟಿದ್ದೇವೆ. ಅಂದಾಜಿನಲ್ಲಿ ಎಳೆಯಬೇಡಿ, ಅಳೆದು ಎಳೆಯಿರಿ. ಮೊದಲು ಕೀಬೋರ್ಡಿನ ಸ್ವಂತ ವೆಲಾಸಿಟಿ ಕರ್ವನ್ನು ಸಾಮಾನ್ಯ ಸ್ಥಿತಿಗೆ ತನ್ನಿ. ಅಲ್ಲೊಂದು ಇಲ್ಲೊಂದು ಬಾಗಿದರೆ ಯಾವುದು ಕೆಡಿಸುತ್ತಿದೆ ಎಂದು ತಿಳಿಯುವುದೇ ಇಲ್ಲ. ಆಮೇಲೆ ಒಳಬರುವ ಅಂಕಿ ನೋಡುತ್ತ ಅತಿ ಮೆಲ್ಲಗೆ 20 ಸಲ, ಎಂದಿನಂತೆ 20 ಸಲ, ಜೋರಾಗಿ 20 ಸಲ ನುಡಿಸಿ. ಕಪ್ಪು ಕೀಗಳನ್ನೂ ಸೇರಿಸಿಕೊಳ್ಳಿ, ಅವು ಬೇರೆ ಅಂಕಿ ಕೊಡುವುದುಂಟು. ಉದಾಹರಣೆಗೆ ನಿಮ್ಮ ಅಂಕಿಗಳು 25, 70, 112 ಎಂದಿರಲಿ. ಮೂರು ಬಿಂದು ಸಾಕು: 25ಕ್ಕೆ 10, 70ಕ್ಕೆ 64, 112ಕ್ಕೆ 127. ಗೆರೆ ಎಲ್ಲಿಯೂ ಎರಡು ಪಟ್ಟಿಗಿಂತ ಕಡಿದಾಗದಿರಲಿ. ಕಡಿದಾದಷ್ಟೂ ಬೆರಳಿನ ಸಣ್ಣ ಏರುಪೇರು ದೊಡ್ಡದಾಗಿ ಕೇಳುತ್ತದೆ. ಕೆಳಗಿನ ಬಿಂದುವನ್ನು 0ಗೆ ಇಳಿಸಲು ಸಿಂಥ್ ಬಿಡುವುದಿಲ್ಲ. ಮಿಡಿಯಲ್ಲಿ ವೆಲಾಸಿಟಿ 0 ಎಂದರೆ ಕೀ ಬಿಟ್ಟಂತೆ, ಮೆಲ್ಲಗೆ ಒತ್ತಿದ ಸ್ವರ ಹುಟ್ಟುವುದೇ ಇಲ್ಲ.

ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಪಿಚ್ ಬೆಂಡ್‌ಗೆ ಮಾತ್ರ ಕರ್ವ್ ಇಟ್ಟಿಲ್ಲ, ಇಡುವುದೂ ಇಲ್ಲ. ಗಮಕ ನುಡಿಸುವವರಿಗೆ ವೀಲ್‌ನ ಇಷ್ಟು ತಿರುವಿಗೆ ಇಷ್ಟೇ ಸ್ವರ ಎಂಬ ನಂಟು ಎರಡೂ ಕಡೆ ಒಂದೇ ಥರ ಇರಬೇಕು. ಬಾಗಿದ ಗೆರೆಯಲ್ಲಿ ಕೈ ಕಲಿತದ್ದೆಲ್ಲ ವ್ಯರ್ಥ. ಅದರ ಬದಲು ನಡುವೆ ಒಂದು ನಿಶ್ಚಲ ಪಟ್ಟಿ ಕೊಟ್ಟಿದ್ದೇವೆ. ಸ್ಪ್ರಿಂಗ್ ಸಡಿಲವಾದ ವೀಲ್ ನಡುವಿನ ಅಂಕಿಯಾದ 8192ಕ್ಕೆ ಸರಿಯಾಗಿ ಮರಳದಿದ್ದರೆ ತಂಬೂರಿಯ ಜೊತೆ ಷಡ್ಜವೇ ಅಲುಗುತ್ತದೆ. ಪಟ್ಟಿಯನ್ನು 64 ಇಡಿ. ಬೆಂಡ್ ವ್ಯಾಪ್ತಿ 2 ಸೆಮಿಟೋನ್ ಇದ್ದಾಗ ಅದು ಒಂದೂವರೆ ಸೆಂಟ್‌ನಷ್ಟು. ಕೆಲವು ಅಗ್ಗದ ವೀಲ್‌ಗಳು ಒಂದು ಕಡೆಗೆ 64 ಮೆಟ್ಟಿಲು ಮಾತ್ರ ಕಳಿಸುತ್ತವೆ. ಅಂಥದ್ದರಲ್ಲಿ ವ್ಯಾಪ್ತಿ 12 ಇಟ್ಟರೆ ಒಂದು ಮೆಟ್ಟಿಲು 19 ಸೆಂಟ್ ಹತ್ತಿರ, ಜಾರು ಜಾರಾಗಿ ಉಳಿಯುವುದಿಲ್ಲ. 2 ಅಥವಾ 3ರಲ್ಲೇ ಇಡಿ.

ಸ್ವರ ಹಿಡಿದಿಡುವ ಸಸ್ಟೇನ್ ಪೆಡಲ್ ಮೊದಲಿನಂತೆಯೇ: 64 ಮತ್ತು ಮೇಲೆ ಹಿಡಿತ, 63 ಮತ್ತು ಕೆಳಗೆ ಬಿಡುಗಡೆ.

2ನೇ ಆವೃತ್ತಿ ನಿಮ್ಮ ಖಾತೆಯಲ್ಲಿ ಡೌನ್‌ಲೋಡ್‌ಗೆ ಸಿಗುತ್ತದೆ. ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದು. ಕರ್ವ್ ಕೂರದಿದ್ದರೆ ನಮಗೆ ಬರೆಯಿರಿ. ಕೀಬೋರ್ಡ್ ಮಾದರಿ, ಮೇಲೆ ಹೇಳಿದ ಮೂರು ಅಂಕಿ, ಪ್ಯಾಚ್ ಫೈಲ್ ಜೊತೆಗಿದ್ದರೆ ನಾವೇ ಕರ್ವ್ ಮಾಡಿ ಕಳಿಸುತ್ತೇವೆ.

ಇಂತಿ,
ಸಿಂಥ್ ತಂಡ