ದೂರು: ನಿಮ್ಮ ಪೈಥಾನ್ ಟೆಂಪ್ಲೇಟ್‌ನಿಂದ ನಮ್ಮ ಆ್ಯಪ್ ನಿಂತ ಬಗ್ಗೆ

ಸಪೋರ್ಟ್ ತಂಡದವರಿಗೆ ನಮಸ್ಕಾರ,

ನಮ್ಮದು ಸಣ್ಣ ರಕ್ತ ಪರೀಕ್ಷೆ ಲ್ಯಾಬ್. ರೋಗಿಗಳು ರಿಪೋರ್ಟ್ ಇಳಿಸಿಕೊಳ್ಳುವ ಫ್ಲಾಸ್ಕ್ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಆ್ಯಪ್ ಎರಡು ವರ್ಷದಿಂದ ನಿಮ್ಮ ಕಂಟೇನರ್ (ದೊಡ್ಡ ಮೆಷಿನ್‌ನಲ್ಲಿ ಮಿತಿ ಹಾಕಿ ಕೊಡುವ ಪ್ರತ್ಯೇಕ ಜಾಗ) ಪ್ಲಾನ್‌ನಲ್ಲಿದೆ. ಒಂದು ಸಿಪಿಯು, 512 ಎಂಬಿ ಮೆಮೊರಿ. ಸೋಮವಾರ ಬೆಳಿಗ್ಗೆ ಅದು ಬಿತ್ತು, ಎದ್ದ ಕೆಲವೇ ಸೆಕೆಂಡಿಗೆ ಮತ್ತೆ ಬಿತ್ತು, ಹೀಗೇ ನಡೆಯಿತು. ನಿಂತಾಗ ಸಿಕ್ಕ ಎಕ್ಸಿಟ್ ಕೋಡ್ (ನಿಂತ ಕಾರಣ ಸೂಚಿಸುವ ಸಂಖ್ಯೆ) 137. ನಾವು ಕೋಡ್ ಮುಟ್ಟಿ ತಿಂಗಳಾಗಿತ್ತು.

ಟಿಕೆಟ್ ಹಾಕಿದರೆ ನಿಮ್ಮಿಂದ ಬಂದ ಉತ್ತರ: "ನಿಮ್ಮ ಕೋಡ್‌ನಲ್ಲಿ ಮೆಮೊರಿ ಲೀಕ್ ಇದೆ, 2 ಜಿಬಿ ಪ್ಲಾನ್ ತಗೊಳ್ಳಿ." ಕೌಂಟರ್ ಮುಂದೆ ಜನ ನಿಂತಿದ್ದರು, ರಿಪೋರ್ಟ್ ಇಲ್ಲದೆ ಡಾಕ್ಟರ್ ಹತ್ತಿರ ಹೋಗೋದು ಹೇಗೆ ಅಂತ ಕೇಳುತ್ತಿದ್ದರು, ಬೇರೆ ದಾರಿ ಕಾಣದೆ ದುಡ್ಡು ಕಟ್ಟಿದೆವು. ಆಮೇಲೂ ಬಿತ್ತು!

ಲೀಕ್, ಅಂದರೆ ಬಳಸಿದ ಮೆಮೊರಿಯನ್ನು ಬಿಡದೆ ಉಳಿಸಿಕೊಳ್ಳುವುದು, ಆಗಿದ್ದರೆ ಮೆಮೊರಿ ನಿಧಾನಕ್ಕೆ ಏರಬೇಕು ಅಲ್ವಾ? ಶುರುವಾದ ತಕ್ಷಣ ತುಂಬುವುದಿಲ್ಲ. ರಾತ್ರಿ ಕೂತು ಹುಡುಕಿದಾಗ ಗೊತ್ತಾಯಿತು. ನಿಮ್ಮ ಟೆಂಪ್ಲೇಟ್‌ನ ಗುನಿಕಾರ್ನ್ (ಪೈಥಾನ್ ಆ್ಯಪ್ ಓಡಿಸುವ ಸರ್ವರ್) ಕಾನ್ಫಿಗ್‌ನಲ್ಲಿ ವರ್ಕರ್ (ಒಟ್ಟಿಗೆ ಓಡುವ ಆ್ಯಪ್‌ನ ಒಂದೊಂದು ಪ್ರತಿ) ಸಂಖ್ಯೆ ಅಂದರೆ ಸಿಪಿಯು ಕೋರ್‌ಗಳ ಎರಡು ಪಟ್ಟು, ಅದಕ್ಕೆ ಒಂದು ಸೇರಿಸಿ ಅಂತ ಇದೆ. ಆದರೆ ಪೈಥಾನ್ ಕೋರ್ ಎಣಿಸುವಾಗ ಕಂಟೇನರ್‌ಗೆ ನೀವು ಹಾಕಿದ ಮಿತಿಯನ್ನು ನೋಡುವುದಿಲ್ಲ, ಕೆಳಗಿರುವ ಇಡೀ ಮೆಷಿನ್‌ನ ಕೋರ್‌ಗಳನ್ನು ಎಣಿಸುತ್ತದೆ. ಹಳೆ ಲಾಗ್‌ನಲ್ಲಿ 9 ವರ್ಕರ್ ಇದ್ದವು, ಅಂದರೆ ಮೆಷಿನ್‌ನಲ್ಲಿ 4 ಕೋರ್. ಸೋಮವಾರದ ಲಾಗ್‌ನಲ್ಲಿ 129. ನೀವು ಹೇಳದೆ ಕೇಳದೆ ನಮ್ಮನ್ನು 64 ಕೋರ್ ಮೆಷಿನ್‌ಗೆ ಸಾಗಿಸಿದ್ದೀರಿ. ನಮ್ಮ ಒಂದು ವರ್ಕರ್‌ಗೇ ಸುಮಾರು 40 ಎಂಬಿ ಬೇಕು. 129ಕ್ಕೆ 2 ಜಿಬಿ ಎಲ್ಲಿ ಸಾಕು? ಮೆಮೊರಿ ಮೀರಿದ್ದಕ್ಕೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸಿಗ್‌ಕಿಲ್ (ಬಲವಂತವಾಗಿ ನಿಲ್ಲಿಸುವ 9ನೇ ಸಿಗ್ನಲ್) ಕೊಟ್ಟು ಮುಗಿಸಿದೆ, 128ಕ್ಕೆ ಆ 9 ಸೇರಿಸಿದರೆ ಅದೇ 137. ಕರ್ನಲ್ಲೇ ಕೊಂದದ್ದರಿಂದ ಪೈಥಾನ್ ಕಡೆಯಿಂದ ಒಂದು ಎರರ್ ಸಾಲೂ ಸಿಗಲಿಲ್ಲ.

ವರ್ಕರ್ 3 ಅಂತ ನಾನೇ ಕಾನ್ಫಿಗ್‌ನಲ್ಲಿ ಬರೆದೆ. ಈಗ ಹಳೆಯ 512 ಎಂಬಿಯಲ್ಲೇ ಆರಾಮಾಗಿ ಓಡುತ್ತಿದೆ. ಒಂದು ಸಾಲಿನ ಕೆಲಸ. ನಿಮ್ಮವರು ಆ ಲಾಗ್ ತೆಗೆದು ನೋಡಿದ್ದರೆ ಹತ್ತು ನಿಮಿಷದಲ್ಲಿ ಹೇಳಬಹುದಿತ್ತು, ಸುಮ್ನೆ ದೊಡ್ಡ ಪ್ಲಾನ್ ಮಾರಿದ್ದು ನಿಜಕ್ಕೂ ಬೇಜಾರು ತಂದಿದೆ.

2 ಜಿಬಿ ಪ್ಲಾನ್‌ಗೆ ಕಟ್ಟಿದ ದುಡ್ಡು ವಾಪಸ್ ಕೊಡಿ. ಟೆಂಪ್ಲೇಟ್‌ನ ಆ ಸಾಲು ಬದಲಿಸಿ, ಇದೇ ಟೆಂಪ್ಲೇಟ್ ಬಳಸುವ ಉಳಿದವರಿಗೂ ಇವತ್ತೇ ಮೇಲ್ ಹಾಕಿ. ಪೈಥಾನ್ 3.13ರಿಂದ ಕೋರ್ ಸಂಖ್ಯೆಯನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲೇ (ಕೋಡ್ ಮುಟ್ಟದೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ಕೊಡಬಹುದು, ಅದನ್ನು ಪ್ಲಾನ್‌ಗೆ ತಕ್ಕಂತೆ ನೀವೇ ಹಾಕಿ ಕೊಟ್ಟರೆ ಇನ್ನೂ ಒಳ್ಳೆಯದು. ಮೆಷಿನ್ ಬದಲಿಸುವ ಮೊದಲು ತಿಳಿಸಿ. ನಮ್ಮ ಟಿಕೆಟ್ ಮೇಲೆ "ಗ್ರಾಹಕರ ಕೋಡ್ ದೋಷ" ಅಂತ ಬರೆದು ಮುಚ್ಚಿದ್ದೀರಿ, ಅದನ್ನೂ ತಿದ್ದಿ.

ಇಂತಿ,
ಲ್ಯಾಬ್‌ನ ಆ್ಯಪ್ ನೋಡಿಕೊಳ್ಳುವವನು