ಗಂಟೆ ಹಿಡಿದವರನ್ನು ನೋಡಿ ಬರೆ

ಮಂಗಳೂರು

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ವಂದನೆಗಳು. ನಿಮ್ಮ ಚರ್ಚಿನ ಹ್ಯಾಂಡ್‌ಬೆಲ್ (ಕೈಗಂಟೆ) ತಂಡಕ್ಕೆ ನೀನು ಬರೆದು ಕಳಿಸಿದ 'ಅಮೇಜಿಂಗ್ ಗ್ರೇಸ್' ಹಾಡಿನ ನೊಟೇಶನ್ ತಲುಪಿತು. ಫೋನಿನಲ್ಲಿ ನನ್ನ ಕಣ್ಣಿಗೆ ಹಿಡಿಯಲಿಲ್ಲ. ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದು ಕೀಬೋರ್ಡಿನಲ್ಲಿ ನುಡಿಸಿ ನೋಡಿದೆ. ಅಂಚಿನ ತುಂಬಾ ಪೆನ್ಸಿಲ್ ಗುರುತು ಹಾಕಿದ್ದೇನೆ, ಫೋಟೋ ತೆಗೆಸಿ ಕಳಿಸುತ್ತೇನೆ. ಗುರುತು ಜಾಸ್ತಿ ಇದೆ ಅಂತ ಬೇಜಾರು ಮಾಡಿಕೊಳ್ಳಬೇಡ. ಸುಮ್ನೆ "ಚೆನ್ನಾಗಿದೆ" ಅಂದುಬಿಟ್ಟರೆ ನಿನ್ನ ಕೆಲಸಕ್ಕೆ ಮರ್ಯಾದೆ ಕೊಟ್ಟ ಹಾಗಾಗುವುದಿಲ್ಲ.

ಹಾರ್ಮನಿ, ಅಂದರೆ ರಾಗದ ಜೊತೆಗೆ ಕೂಡಿಸಿದ ಸ್ವರಗಳು, ಸರಿ ಇದೆಯಾ ಅಂತ ಕೇಳಿದ್ದೆ. ಸರಿ ಇದೆ. ಇದನ್ನು ಪಿಯಾನೋಗೆ ಬರೆದಿದ್ದರೆ ನಾನು ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ನೀನು ಬರೆದಿರುವುದು ಹ್ಯಾಂಡ್‌ಬೆಲ್‌ಗೆ. ಪಿಯಾನೋದ ಮುಂದೆ ಒಬ್ಬರು ಕೂರುತ್ತಾರೆ, ಇಲ್ಲಿ ಹನ್ನೊಂದು ಜನ ನಿಲ್ಲುತ್ತಾರೆ. ನಿಮ್ಮ ಚರ್ಚಿನ ಸೆಟ್ಟು ಮೂರು ಆಕ್ಟೇವ್‌ನದು, ಅಂದರೆ ಮೂರು ಸ್ಥಾಯಿಯದು, ಒಟ್ಟು 37 ಗಂಟೆ. ಶಾರ್ಪು ಫ್ಲಾಟು, ಅಂದರೆ ಪಿಯಾನೋದ ಕಪ್ಪು ಮನೆಗಳ ಸ್ವರ, ಬಿಟ್ಟರೆ 22. ಕೈಗೊಂದರಂತೆ ಹಂಚಿದರೆ 11 ಜನಕ್ಕೆ ಸರಿಹೋಗುತ್ತದೆ. ಒಬ್ಬರಿಗೆ ಸಿ ಮತ್ತು ಡಿ, ಪಕ್ಕದವರಿಗೆ ಇ ಮತ್ತು ಎಫ್, ಹೀಗೆ. ನಮ್ಮ ಕ್ವಾಯರ್‌ನಲ್ಲಿ ಆಲ್ಟೊದವರು ಒಬ್ಬರು ಬರದಿದ್ದರೆ ಇನ್ನೊಬ್ಬರು ಹಾಡಿಕೊಂಡು ಹೋಗುತ್ತಾರೆ. ನಿಮ್ಮಲ್ಲಿ ಹಾಗಾಗುವುದಿಲ್ಲ, ಅಲ್ವಾ? ಆ ಸ್ವರ ಅವರದ್ದೇ. ಅವರು ಬರದಿದ್ದರೆ ರಾಗದಲ್ಲೇ ತೂತು ಬೀಳುತ್ತದೆ. ಹಾಗೆಯೇ, ನೀನು ಅವರ ಸ್ವರ ಬರೆಯದಿದ್ದರೆ ಅವರು ಹಾಡಿಡೀ ಗ್ಲೌಸು ಹಾಕಿಕೊಂಡು ಗಂಟೆ ಹಿಡಿದು ಸುಮ್ಮನೆ ನಿಂತಿರಬೇಕು. ನಿಮ್ಮಲ್ಲಿಗೆ ಬಂದಿದ್ದಾಗ ಪ್ರಾಕ್ಟೀಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನಾನು ನೋಡಿದ್ದು ಇದನ್ನೇ. ಆ ಸಂಜೆ ಒಂದು ಪೀಸಿನಲ್ಲಿ ಮೇಲಿನ ತುದಿಯ ಹುಡುಗನಿಗೆ ಕೊನೆಯ ಸಾಲಿನಲ್ಲಿ ಮಾತ್ರ ಕೆಲಸವಿತ್ತು. ಅವನು ಪುಟ ನೋಡುವುದನ್ನೇ ಬಿಟ್ಟಿದ್ದ. ಸಾಲು ಬಂದಾಗ ತಪ್ಪಿದ. ಎಲ್ಲರೂ ಅವನ ಕಡೆ ನೋಡಿದರು. ನನ್ನ ಪ್ರಕಾರ ಅದು ಹುಡುಗನ ತಪ್ಪಲ್ಲ, ಬರೆದವರದ್ದು.

ಆದ್ದರಿಂದ ಮೊದಲನೆಯ ಮಾತು. ಬರೆದು ಮುಗಿಸಿದ ಮೇಲೆ ಒಬ್ಬೊಬ್ಬರ ಸ್ವರವನ್ನು ಬೇರೆ ಬಣ್ಣದ ಪೆನ್ಸಿಲ್‌ನಲ್ಲಿ ಗುರುತಿಸು. ಆಮೇಲೆ ಅವರ ಜಾಗದಲ್ಲಿ ನೀನೇ ನಿಂತು, ಖಾಲಿ ಕೈಯಲ್ಲೇ ಆದರೂ ಸರಿ, ಮೊದಲಿಂದ ಕೊನೆವರೆಗೆ ಬಾರಿಸಿ ನೋಡು. ಅಂಥ ಹನ್ನೊಂದು ಪ್ರಯಾಣ. ಬೇಸರದ ಕೆಲಸ ನಿಜ, ಆದರೆ ಇದು ಬಿಟ್ಟು ಬೇರೆ ದಾರಿ ನನಗೆ ಕಂಡಿಲ್ಲ.

ನೀನು ಆರಿಸಿಕೊಂಡ ರಾಗ ಒಳ್ಳೆಯದು. 'ಅಮೇಜಿಂಗ್ ಗ್ರೇಸ್'ನ ಮಾತು ಜಾನ್ ನ್ಯೂಟನ್‌ದು. ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದು ಆಮೇಲೆ ಪಾದ್ರಿಯಾದವರು. 1779ರಲ್ಲಿ ಅಚ್ಚಾದ ಹಾಡದು. ಈಗ ನಾವು ಹಾಡುವ ರಾಗವನ್ನು ಆ ಮಾತಿಗೆ ಕೂಡಿಸಿದ್ದು ಅಮೆರಿಕದ ವಿಲಿಯಂ ವಾಕರ್, 1835ರಲ್ಲಿ. ರಾಗ ಕಟ್ಟಿದವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ಅದರಲ್ಲಿ ಐದೇ ಸ್ವರ, ನಮ್ಮ ಮೋಹನ ರಾಗದವೇ. ಅದು ನಿನ್ನ ಕಿವಿಗೆ ಬಿತ್ತು ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ತುಂಬಾ ಸಂತೋಷವಾಯಿತು. ಸಣ್ಣವಳಿದ್ದಾಗ ಕಲಿತ ಪಾಠ ಎಲ್ಲಿಗೂ ಹೋಗಿಲ್ಲ.

ಈ ಐದು ಸ್ವರ ಹ್ಯಾಂಡ್‌ಬೆಲ್‌ಗೆ ಹೇಳಿ ಮಾಡಿಸಿದ ಹಾಗಿವೆ. ಗಂಟೆಯ ಗುಣವೇ ಹಾಗೆ: ಬಾರಿಸುವುದು ಸುಲಭ, ನಿಲ್ಲಿಸುವುದು ಕಷ್ಟ. ಭುಜಕ್ಕೆ ಒತ್ತಿ ಹಿಡಿಯದಿದ್ದರೆ ಅದು ಮೊಳಗುತ್ತಲೇ ಇರುತ್ತದೆ. ಬೇರೆ ರಾಗದಲ್ಲಾದರೆ ಪಕ್ಕಪಕ್ಕದ ಅರ್ಧ ಸ್ವರಗಳು ಒಂದರ ಮೇಲೊಂದು ಬಿದ್ದು ಗಜಿಬಿಜಿ ಆಗುತ್ತದೆ. ಮೋಹನದಲ್ಲಿ ಆ ತೊಂದರೆಯಿಲ್ಲ, ಅರ್ಧ ಸ್ವರದ ಜೋಡಿಯೇ ಅದರಲ್ಲಿ ಇಲ್ಲ. ನಿನ್ನ ಮೊದಲ ಚರಣ ಜಿ ಮೇಜರ್‌ನಲ್ಲಿದೆ: ಜಿ, ಎ, ಬಿ, ಡಿ, ಇ. ಅಲ್ಲಿ ಎಲ್‌ವಿ (ಮೊಳಗಲು ಬಿಡು ಅನ್ನುವ ಗುರುತು) ಅಂತ ಹಾಕಿ ಸಾಲಿನ ಕೊನೆವರೆಗೂ ಗಂಟೆಗಳನ್ನು ಮೊಳಗಲು ಬಿಡು. ನೀನು ಪ್ರತಿ ಎಣಿಕೆಗೂ ಡ್ಯಾಂಪ್, ಅಂದರೆ ಸದ್ದು ನಿಲ್ಲಿಸುವ ಗುರುತು, ಬರೆದಿದ್ದೀಯ, ಅದು ಬೇಡ. ಇನ್ನೊಂದು ವಿಷಯ ನೋಡು. ಮೂರೂ ಸ್ಥಾಯಿಯಲ್ಲಿ ಬರುವ ಈ ಐದು ಸ್ವರಗಳನ್ನು ಹನ್ನೊಂದು ಜನಕ್ಕೆ ಹಂಚಿದರೆ ಒಬ್ಬರೂ ಖಾಲಿ ನಿಲ್ಲುವುದಿಲ್ಲ. ನಾಲ್ಕು ಜನಕ್ಕೆ ಎರಡೂ ಕೈಗೆ ಕೆಲಸ, ಉಳಿದ ಏಳು ಜನಕ್ಕೆ ಒಂದೊಂದು ಕೈಗೆ. ಹೊಸದಾಗಿ ಸೇರಿದವರನ್ನು ಆ ಏಳರಲ್ಲಿ ನಿಲ್ಲಿಸಬಹುದು.

ಇನ್ನು ಮೂರನೆಯ ಚರಣ. ಅಲ್ಲಿ ನೀನು ಒಂದೇ ಬಾರ್‌ನಲ್ಲಿ, ಅಂದರೆ ತಾಳದ ಒಂದೇ ಆವರ್ತದಲ್ಲಿ, ಜಿ ಯಿಂದ ಎ ಫ್ಲಾಟ್‌ಗೆ ಏರಿದ್ದೀಯ. ಕೇಳಲು ಚೆಂದ, ಒಪ್ಪಿದೆ. ಹಾಡುವವರು ಗಂಟಲು ಸ್ವಲ್ಪ ಏರಿಸಿದರೆ ಮುಗಿಯಿತು. ಆದರೆ ಮೇಜಿನ ಹಿಂದೆ ಏನಾಗುತ್ತದೆ ನೋಡು. ಎ ಮತ್ತು ಬಿ ಹಿಡಿದವರು ಎರಡೂ ಗಂಟೆಯನ್ನು ನಿಲ್ಲಿಸಬೇಕು, ಸ್ಪಂಜಿನ ಮೇಲೆ ಸದ್ದಾಗದಂತೆ ಇಡಬೇಕು, ಎ ಫ್ಲಾಟ್ ಮತ್ತು ಬಿ ಫ್ಲಾಟ್ ಎತ್ತಿಕೊಳ್ಳಬೇಕು, ಹಿಡಿ ನೆಟ್ಟಗೆ ತಿರುಗಿಸಿಕೊಳ್ಳಬೇಕು. ಗಂಟೆಯ ನಾಲಗೆ ಹಿಂದೆ ಮುಂದೆ ಮಾತ್ರ ಆಡುತ್ತದೆ, ಹಿಡಿ ಅಡ್ಡ ಆದರೆ ಸದ್ದೇ ಬರುವುದಿಲ್ಲ. ಇಷ್ಟಕ್ಕೆ ನೀನು ಕೊಟ್ಟಿರುವುದು ಮೂರು ಎಣಿಕೆ. ಅದೂ ಅವರು ಒಬ್ಬರೇ ಅಲ್ಲ, ಸಾಲಿನಲ್ಲಿ ಬಹಳ ಜನ ಒಟ್ಟಿಗೆ ಗಂಟೆ ಬದಲಿಸಬೇಕು. ಅದೇ ಬಾರ್‌ನ ಕೊನೆಗೆ ಪುಟವೂ ಮುಗಿಯುತ್ತದೆ! ಎರಡೂ ಕೈಯಲ್ಲಿ ಗಂಟೆ ಇರುವವರು ಪುಟ ತಿರುಗಿಸುವುದು ಹೇಗೆ?

ಎ ಫ್ಲಾಟ್ ಬಿಡು, ಜಿ ಯಿಂದ ಸಿ ಗೆ ಹೋಗು. ಸಿ ಯ ಮೋಹನಕ್ಕೆ ಸಿ, ಡಿ, ಇ, ಜಿ, ಎ ಸಾಕು. ಒಂದು ಗಂಟೆಯನ್ನೂ ಕೆಳಗಿಡಬೇಕಾಗಿಲ್ಲ. ಬಿ ಮತ್ತು ಸಿ ಹಿಡಿದವರು ಬಿ ಬಿಟ್ಟು ಇನ್ನೊಂದು ಕೈಯ ಸಿ ಬಾರಿಸುತ್ತಾರೆ, ಅಷ್ಟೇ. ಎರಡನೆಯ ಚರಣದ ಡಿ ಕಾರ್ಡಿನಲ್ಲಿ ಎಫ್ ಶಾರ್ಪ್ ಇದೆ, ಅದನ್ನು ಹಿಡಿದವರಿಗೆ ಮಾತ್ರ ನಾಲ್ಕು ಬಾರ್ ಮೊದಲೇ ಬಿಡುವು ಕೊಟ್ಟುಬಿಡು. ಏರಿದ ಸಂಭ್ರಮ ಕೇಳುವವರಿಗೆ ಸಿಗುತ್ತದೆ. ಬಾರಿಸುವವರ ಮುಖದಲ್ಲಿ ಗಾಬರಿ ಇರುವುದಿಲ್ಲ. ದೇವಾರಾಧನೆಯಲ್ಲಿ ಆ ಮುಖಗಳನ್ನು ಸಭೆ ನೋಡುತ್ತಿರುತ್ತದೆ, ಮರೆಯಬೇಡ.

ಬಾಸ್‌ನಲ್ಲಿ ತುಂಬಾ ತುಂಬಿದ್ದೀಯ. ಕೆಳಗಿನ ಗಂಟೆ ದೊಡ್ಡದು, ಬಹಳ ಹೊತ್ತು ಮೊಳಗುತ್ತದೆ. ಮೇಲಿನ ಗಂಟೆ ಚಿಕ್ಕದು, ಬೇಗ ಸಾಯುತ್ತದೆ. ರಾಗ ಮೇಲಿದೆ. ಕೆಳಗೆ ಮೂರು ಮೂರು ಸ್ವರ ಒತ್ತಾಗಿ ಇಟ್ಟರೆ ರಾಗ ಮುಳುಗಿ ಹೋಗುತ್ತದೆ. ಇಂಗ್ಲಿಷ್ ಪದ್ಧತಿಯ ಗಂಟೆಯಲ್ಲಿ ಮೂಲ ಸ್ವರದ ಜೊತೆಗೆ ಮೇಲಿನ ಸ್ಥಾಯಿಯ ಪಂಚಮವೂ ಜೋರಾಗಿ ಕೇಳುತ್ತದೆ. ನೀನು ಬರೆಯದ ಸ್ವರವೂ ಅಲ್ಲಿ ಇರುತ್ತದೆ ಅಂತ ಲೆಕ್ಕ. ಕೆಳಗೆ ಷಡ್ಜ ಪಂಚಮ ಸಾಕು, ಗಾಂಧಾರವನ್ನು ಮೇಲೆ ಇಡು. ಹ್ಯಾಂಡ್‌ಬೆಲ್ ಬರೆದದ್ದಕ್ಕಿಂತ ಒಂದು ಆಕ್ಟೇವ್ ಮೇಲೆ ಕೇಳಿಸುತ್ತದೆ ಅನ್ನುವುದು ನಿನಗೆ ಗೊತ್ತು. ಆದರೂ ಕಂಪ್ಯೂಟರಿನ ಪ್ಲೇಬ್ಯಾಕ್ ನಂಬಿ ಬರೆದ ಹಾಗೆ ನನಗೆ ಕಾಣುತ್ತದೆ. ಕಂಪ್ಯೂಟರಿಗೆ ಭುಜವೂ ಇಲ್ಲ, ಸುಸ್ತೂ ಇಲ್ಲ. ಕೆಳಗಿನ ಗಂಟೆ ಹಿಡಿಯುವ ಆ ಅಜ್ಜಿಯ ಮಣಿಕಟ್ಟು ನೆನಪಿಟ್ಟುಕೋ.

ಶೇಕ್, ಅಂದರೆ ಗಂಟೆಯನ್ನು ಗಡಗಡ ಅಲುಗಿಸುವ ಗುರುತು, ಹಾಕಿ ಗಮಕ ತರಲು ಹೋಗಿದ್ದೀಯ. ಅದು ಗಮಕ ಆಗುವುದಿಲ್ಲ ಮಗಳೇ. ಗಂಟೆಗೆ ಜಾರುವುದು ಗೊತ್ತಿಲ್ಲ, ಒಂದು ಗಂಟೆಗೆ ಒಂದೇ ಸ್ವರ. ಮೋಹನವನ್ನು ಅದರ ಐದು ಸ್ವರದಲ್ಲೇ ನಿಲ್ಲಲು ಬಿಡು.

ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ ವಿಷಯ. ಮೂರೂ ಚರಣಕ್ಕೆ ನೀನು ಹಾರ್ಮನಿ ಬದಲಿಸಿದ್ದೀಯ, ಆದರೆ ಯಾಕೆ ಬದಲಿಸಿದೆ ಅನ್ನುವುದು ನನಗೆ ಕೇಳಿಸಲಿಲ್ಲ. ನಮ್ಮಲ್ಲಿ ಶುಭ ಶುಕ್ರವಾರ ಹಾಡುವ ಮುಳ್ಳಿನ ಕಿರೀಟದ ಕೀರ್ತನೆ ಇದೆಯಲ್ಲ, ಅದರ ರಾಗ ಮೂಲದಲ್ಲಿ ಪ್ರೇಮಗೀತೆಯದು. ಹಾನ್ಸ್ ಲಿಯೋ ಹಾಸ್ಲರ್ 1601ರಲ್ಲಿ ಅಚ್ಚು ಹಾಕಿಸಿದ್ದು. ಜರ್ಮನಿಯ ಸಂಗೀತಕಾರ ಬಾಖ್, ಯೇಸುವಿನ ಕಷ್ಟಮರಣದ ಕಥೆಯನ್ನು ಹಾಡುವ ತನ್ನ 'ಸಂತ ಮತ್ತಾಯನ ಪ್ಯಾಶನ್'ನಲ್ಲಿ ಅದೇ ರಾಗವನ್ನು ಐದು ಸಲ ತರುತ್ತಾನೆ. ರಾಗ ಅದೇ, ಮೊದಲ ಎರಡು ಸಲ ಹಾರ್ಮನಿಯೂ ಒಂದೇ, ಆಮೇಲೆ ಕೆಳಗಿನ ಮೂರು ಪಾರ್ಟ್ ಬೇರೆ ಬೇರೆ. ಐದನೆಯ ಸಲ ಬರುವುದು ಯೇಸು ಪ್ರಾಣ ಬಿಟ್ಟ ಕೂಡಲೇ. "ನಾನು ಹೋಗುವ ಹೊತ್ತಿನಲ್ಲಿ ನನ್ನನ್ನು ಬಿಟ್ಟು ಹೋಗಬೇಡ" ಅನ್ನುವ ಅರ್ಥದ ಚರಣ. ಅಲ್ಲಿ ಒಳಗಿನ ಪಾರ್ಟುಗಳು ಅರ್ಧರ್ಧ ಸ್ವರ ತೆವಳುತ್ತವೆ. ಆಸರೆ ಸಿಕ್ಕಿತು ಅನ್ನುವಷ್ಟರಲ್ಲಿ ಮತ್ತೆ ಜಾರುತ್ತದೆ. ನಮ್ಮ ಟೆನರ್‌ನವರಿಗೆ ಅದನ್ನು ಕಲಿಸುವಾಗ ಎಷ್ಟೋ ಸಲ ನನ್ನ ಗಂಟಲು ಕಟ್ಟಿದೆ. ಅಲ್ಲಿ ಒಂದು ಸ್ವರವೂ ಜಾಣತನ ತೋರಿಸಲು ಬಂದಿಲ್ಲ. ಮಾತು ಕೇಳಿದ್ದನ್ನು ಬಾಖ್ ಕೊಟ್ಟಿದ್ದಾನೆ. ಬರೆದು ಮುಗಿಸಿದ ಮೇಲೆ ಅವನು ಎಷ್ಟೋ ಕಡೆ "ದೇವರಿಗೆ ಮಾತ್ರ ಮಹಿಮೆ" ಅನ್ನುವುದರ ಮೂರಕ್ಷರ ಹಾಕುತ್ತಿದ್ದ.

ಗಂಟೆಗೆ ಮಾತಿಲ್ಲ. ಆದರೆ ಕೇಳುವವರ ಬಾಯಲ್ಲಿ ಈ ಹಾಡಿನ ಮಾತು ಇದ್ದೇ ಇರುತ್ತದೆ. ಮೂರನೆಯ ಚರಣದಲ್ಲಿ ನ್ಯೂಟನ್ ಹೇಳುವುದು ದಾಟಿ ಬಂದ ಅಪಾಯಗಳನ್ನು, ಮನೆ ಸೇರಿಸುವ ಕೃಪೆಯನ್ನು. ನಿನ್ನಲ್ಲಿ ಅದು ಮೊದಲಿಂದ ಕೊನೆವರೆಗೂ ಜಾತ್ರೆಯ ಹಾಗೆ ಜೋರಾಗಿದೆ. ಅಪಾಯದ ಸಾಲಿಗೆ ಮಾರ್ಟೆಲಾಟೊ ಇಡು. ಗಂಟೆಯನ್ನು ಸ್ಪಂಜಿನ ಮೇಲೆ ಒತ್ತಿ ಕುಟ್ಟಿದಾಗ ಬರುವ ಆ ಮೊಂಡು ಸದ್ದು ಅಲ್ಲಿ ಒಪ್ಪುತ್ತದೆ. ಕೃಪೆಯ ಸಾಲಿಗೆ ಮತ್ತೆ ಕೈ ಬಿಚ್ಚಿ ಬಾರಿಸಲಿ. ಅಷ್ಟು ಮಾಡಿದರೆ ಚರಣಕ್ಕೆ ಜೀವ ಬರುತ್ತದೆ.

ಈ ವಾದ್ಯ ಎಲ್ಲಿಂದ ಬಂತು ಅನ್ನುವುದನ್ನೂ ಸ್ವಲ್ಪ ಓದಿಕೋ. ಇಂಗ್ಲೆಂಡಿನ ಚರ್ಚ್ ಗೋಪುರಗಳಲ್ಲಿ ಗಂಟೆಗಳನ್ನು ರಾಗಕ್ಕೆ ಬಾರಿಸುತ್ತಿರಲಿಲ್ಲ, ಕ್ರಮ ಬದಲಿಸಿ ಬದಲಿಸಿ ಬಾರಿಸುತ್ತಿದ್ದರು. ಏಳು ಗಂಟೆಗಳಿದ್ದರೆ 5040 ಕ್ರಮ, ಮುಗಿಯಲು ಸುಮಾರು ಮೂರು ತಾಸು. ಚಳಿಯಲ್ಲಿ ಗೋಪುರ ಹತ್ತದೆ ಅದನ್ನು ಕಲಿಯಲು ಕೈಯಲ್ಲಿ ಹಿಡಿಯುವ ಗಂಟೆ ಬೇಕಾಯಿತು. ಬಾಸ್ಟನ್ನಿನ ಮಾರ್ಗರೆಟ್ ಶರ್ಕ್ಲಿಫ್ ಅನ್ನುವ ಹೆಂಗಸು 1902ರಲ್ಲಿ ಲಂಡನ್ನಿನಿಂದ ಅಂಥ ಗಂಟೆಗಳನ್ನು ತಂದರು, 1923ರಲ್ಲಿ ಒಂದು ತಂಡ ಕಟ್ಟಿದರು. ಅಮೆರಿಕದ ಹ್ಯಾಂಡ್‌ಬೆಲ್ ಸಂಘ ಹುಟ್ಟಿದ್ದು 1954ರಲ್ಲಿ. ನಾನು ಹೇಳುವುದಿಷ್ಟೇ: ಎಲ್ಲರೂ ತಮ್ಮ ತಮ್ಮ ಸರದಿ ಕಾಯುವುದು ಈ ವಾದ್ಯದ ಹುಟ್ಟುಗುಣ.

ಒಳ್ಳೆಯ ಅರೇಂಜರ್‌ಗಳ ಪೀಸು ಎದುರಿಗಿಟ್ಟುಕೊಂಡು ಕಲಿ. ಡೊನಾಲ್ಡ್ ಅಲ್ಯೂರ್ಡ್, ಆರ್ನಲ್ಡ್ ಶೆರ್ಮನ್, ಕ್ಯಾಥಿ ಮಾಕ್ಲ್‌ಬಸ್ಟ್, ಪ್ಯಾರಿಸಿನ ಅಮೆರಿಕನ್ ಚರ್ಚಿನಲ್ಲಿದ್ದ ಫ್ರೆಡ್ ಗ್ರಾಮನ್. ಶುರುವಿಗೆ ಕಷ್ಟದ್ದು ತೆಗೆಯಬೇಡ. ಒಂದರಿಂದ ಆರರವರೆಗೆ ಮಟ್ಟ ಹಾಕಿರುತ್ತಾರಲ್ಲ, ಒಂದು ಎರಡರ ಪೀಸುಗಳನ್ನೇ ನೋಡು. ಕಡಿಮೆ ಸ್ವರದಲ್ಲಿ ಕೆಲಸ ಮುಗಿಸುವುದು ಹೇಗೆ ಅಂತ ಅಲ್ಲೇ ತಿಳಿಯುವುದು. ಆದರೆ ಪ್ರತಿ ಕೊಂಡು ನೋಡು. ಒಂದು ಪ್ರತಿ ತಂದು ಹನ್ನೊಂದು ಜನಕ್ಕೆ ಜೆರಾಕ್ಸ್ ಮಾಡಿಸುವುದು ಕಳ್ಳತನ, ದೇವರ ಸೇವೆಗೆ ಅಂದರೂ ಕಳ್ಳತನವೇ. ನಿನ್ನ ಪೀಸಿನ ರಾಗ ಹಳೆಯದು, ಯಾರ ಅಪ್ಪಣೆಯೂ ಬೇಡ. ಎರಡನೆಯ ಚರಣದ ಹಾರ್ಮನಿಯನ್ನು ಯಾವುದೋ ಹೊಸ ಪುಸ್ತಕದಿಂದ ತೆಗೆದ ಹಾಗೆ ಕಾಣುತ್ತದೆ. ರಾಗಕ್ಕೆ ಹಕ್ಕುದಾರರಿಲ್ಲದಿದ್ದರೂ ಆ ಹಾರ್ಮನಿಗೆ ಇರಬಹುದು. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ವರ್ಷ ಇರುತ್ತದೆ, ನೋಡು. ಹಕ್ಕಿದ್ದರೆ ಪ್ರಕಾಶಕರಿಗೆ ಬರೆದು ಕೇಳು, ಇಲ್ಲವೇ ನಿನ್ನದೇ ಬರೆ. ನಿನ್ನ ಕೈಯಲ್ಲಿ ಅದು ಆಗುತ್ತದೆ.

ಮುಂದೆ ಕನ್ನಡ ಹಾಡು ಮಾಡಲಾ ಅಂತಲೂ ಕೇಳಿದ್ದೀಯ. ಖಂಡಿತ ಮಾಡು. ಬಾಸೆಲ್ ಮಿಶನ್‌ನವರು 1834ರಲ್ಲಿ ಇಲ್ಲಿಗೆ ಬಂದ ಮೇಲೆ ಜರ್ಮನ್ ರಾಗಗಳಿಗೆ ಕನ್ನಡ ಮಾತು ಕೂಡಿದವು. ಹೆಜ್ಜೆ ಇಟ್ಟ ಹಾಗೆ ನಡೆಯುವ ರಾಗಗಳವು, ಗಂಟೆಗೆ ಚೆನ್ನಾಗಿ ಕೂರುತ್ತವೆ. ಭಜನೆ ಧಾಟಿಯ ಹಾಡಾದರೆ ರಾಗವನ್ನು ಗಂಟೆಗೆ ಕೊಡಬೇಡ. ನೀನೇ ಹಾಡು. ಗಂಟೆಯವರು ಕೆಳಗೆ ಷಡ್ಜ ಪಂಚಮ ಮೊಳಗಿಸುತ್ತಿರಲಿ, ಸಾಲು ಮುಗಿದಲ್ಲಿ ಮಾತ್ರ ಮೇಲಿನವರು ನಾಲ್ಕು ಸ್ವರ ಉತ್ತರ ಕೊಡಲಿ. ಒಮ್ಮೆ ಮಾಡಿ ನೋಡು, ನಿನ್ನ ಡೈರೆಕ್ಟರ್‌ಗೂ ಇಷ್ಟವಾದೀತು.

ತಿದ್ದಿದ ಪ್ರತಿಯನ್ನು ಅಡ್ವೆಂಟ್‌ಗೆ (ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಿಗೆ) ಮುಂಚೆ ಕಳಿಸು. ಪೂರ್ತಿ ಸ್ಕೋರ್ ಜೊತೆಗೆ ಯಾರ ಕೈಗೆ ಯಾವ ಗಂಟೆ ಅನ್ನುವ ಪಟ್ಟಿಯೂ ಬೇಕು. ಈ ಸಲ ಅದು ಇರಲಿಲ್ಲ. ಅಕ್ಷರ ದೊಡ್ಡದಿರಲಿ. ದೊಡ್ಡಮ್ಮ ಕೇಳಿದೆ ಅಂತ ಹೇಳುತ್ತಿದ್ದಾಳೆ, ನಿನ್ನ ಅಪ್ಪನಿಗೆ ಒಂದು ಫೋನ್ ಮಾಡಬೇಕಂತೆ.

ಪ್ರೀತಿಯಿಂದ,
ನಿನ್ನ ದೊಡ್ಡಪ್ಪ